ಬೀಗದ ಕೈ ನನ್ನ ಸೊಂಟದಲ್ಲಿತ್ತು

ಮೊನ್ನೆ ಮಂಡ್ಯದ ಒಂದು ನರ್ಸಿಂಗ್ ಶಾಲೆಯವರು ಫೋನ್ ಮಾಡಿದ್ದರು. "ಮೇಡಂ, ನಮ್ಮ ಹುಡುಗೀರಿಗೆ ನಾಲ್ಕು ಮಾತು ಹೇಳ್ಬೇಕು. ಆಸ್ಪತ್ರೆಯೋರು ತಮ್ಮ ಕೆಲಸಕ್ಕೆ ತಾವೇ ಅಂಕ ಹಾಕ್ಕೊಳ್ಳೋದ್ರಿಂದ ಏನು ಲಾಭ ಅಂತ. ನೀವಿದ್ದ ಆಸ್ಪತ್ರೆಗೆ ಸರ್ಟಿಫಿಕೇಟು ಬಂದಿತ್ತಲ್ಲ, ಅದನ್ನೇ ಹೇಳಿದ್ರೆ ಸಾಕು" ಅಂದರು. ಹೂಂ ಅಂದೆ, ಹೋದೆ. ಮೈಕಿನ ಮುಂದೆ ನಿಂತು ಲಾಭ ಒಂದು, ಲಾಭ ಎರಡು ಅಂತ ಒಪ್ಪಿಸಿ, ಶಾಲು ಹೊದಿಸಿಕೊಂಡು ವಾಪಸ್ಸು ಬಂದೆ. ಹೇಳಬೇಕಾದ್ದು ಮಾತ್ರ ಹೇಳಲಿಲ್ಲ. ಮನೆಯಲ್ಲಿ ಆ ಶಾಲು ಮಡಚಿಡುವಾಗ ನನ್ನ ಮೇಲೆ ನನಗೇ ಅಸಹ್ಯ ಆಯಿತು. ಆ ಮೇಲೆ ಒಂದು ಕೆಲಸ ಮಾಡಿದೆ. ಅದು ಏನು ಅಂತ ಕೊನೆಗೆ ಹೇಳ್ತೀನಿ. ಅದು ಆದಮೇಲೇ ಇದನ್ನು ಬರೆಯೋ ಧೈರ್ಯ ಬಂತು.

ನಾನು ಭಾಗ್ಯಮ್ಮ. ಮೂವತ್ತೆರಡು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಕಲಿತದ್ದು ಮಂಡ್ಯದಲ್ಲಿ, ಸವೆದದ್ದು ಮದ್ದೂರು ಮಳವಳ್ಳಿ ಸೀಮೆಯಲ್ಲಿ. ಕೊನೆಯ ಹದಿನಾಲ್ಕು ವರ್ಷ ಒಂದೇ ಆಸ್ಪತ್ರೆಯ ಹೆರಿಗೆ ವಾರ್ಡು. ಅದರ ಹೆಸರು ಹೇಳಲ್ಲ. ಮದ್ದೂರಿನಿಂದ ಮಳವಳ್ಳಿಗೆ ಹೋಗೋ ಬಸ್ಸಲ್ಲಿ ಕೂತರೆ ಎಡಕ್ಕೋ ಬಲಕ್ಕೋ ಸಿಗುತ್ತೆ ಅಂದುಕೊಳ್ಳಿ. ನನಗೆ ಯಾವಾಗ ಬಡ್ತಿ ಬಂತು, ಯಾವ ಮಂತ್ರಿ ಕೈಯಿಂದ ಹಾರ ಬಿತ್ತು ಅನ್ನೋದೆಲ್ಲ ನಿಮಗೆ ಪ್ರಯೋಜನವಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರೋ ಹುಡುಗೀರು ನೀವು. ನಿಮಗೆ ಬೇಕಾದ್ದು ಬೇರೆ.

ನಮ್ಮ ಕಾಲದಲ್ಲಿ ಗುಣಮಟ್ಟ ಅಂದರೆ ಇನ್‌ಸ್ಪೆಕ್ಷನ್ನು. ಸಾಹೇಬರು ಬರ್ತಾರಂತೆ ಅಂತ ಫೋನ್ ಬಂದದ್ದೇ ತಡ, ಬೀರು ತೆಗೆದು ಹೊಸ ಬೆಡ್‌ಶೀಟು ಹಾಸುತ್ತಿದ್ದೆವು. ನುಸಿಗುಳಿಗೆ ವಾಸನೆ ವಾರ್ಡಿಗೆಲ್ಲ ಹಬ್ಬೋದು. "ಎದ್ದು ಕೂತ್ಕೊಳ್ರಮ್ಮ, ಮಲಗಿದ್ರೆ ಶೀಟು ಮುದುರುತ್ತೆ" ಅಂತ ಬಾಣಂತಿಯರನ್ನು ಕೂರಿಸುತ್ತಿದ್ದವಳು ನಾನೇ. ಒಂದು ಶನಿವಾರ ಹನ್ನೊಂದಕ್ಕೆ ಬರ್ತೀನಿ ಅಂದ ಸಾಹೇಬರು ಬಂದದ್ದು ಮೂರಕ್ಕೆ. ಅಲ್ಲೀವರೆಗೂ ಹೊಲಿಗೆ ಬಿದ್ದಿದ್ದ ಹೆಣ್ಣುಮಕ್ಕಳು ಗೋಡೆಗೆ ಒರಗಿ ಕೂತೇ ಇದ್ದರು. ಸಾಹೇಬರು ಬಾಗಿಲಲ್ಲಿ ನಿಂತು "ಗುಡ್, ನೀಟಾಗಿದೆ" ಅಂದರು. ಹೆಂಡತಿ ಮಕ್ಕಳು ಜೀಪಲ್ಲಿದ್ದಾರೆ, ಮುತ್ತತ್ತಿಗೆ ಹೋಗಿ ಹೊಳೆ ಸ್ನಾನ ಮಾಡಬೇಕು ಅಂತ ಹೊರಟೇ ಹೋದರು. ಜೀಪು ಗೇಟು ದಾಟೋದರೊಳಗೆ ನಾನು ಶೀಟು ಎಳೆದು ಮಡಚಿದ್ದೆ. ಮೂಲೆ ಮಂಚದವಳು ಕೇಳಿದಳು, "ಈಗ್ಲಾರ ಮನೀಕಬೋದಾ ಸಿಸ್ಟ್ರೇ?" ನಾನು ನಕ್ಕುಬಿಟ್ಟೆ. ಆಗ ನಕ್ಕೆನಲ್ಲ ಅನ್ನೋದು ಈಗ ನನಗೆ ದಿಗಿಲು.

ಇನ್ನೊಂದು ನೀವು ತಿಳಿಯಬೇಕಾದ್ದು ಚಾರ್ಜಿನ ವಿಷಯ. ವಾರ್ಡಿನ ಒಂದೊಂದು ಸಾಮಾನೂ ಯಾರಾದರೊಬ್ಬ ಸಿಸ್ಟರ್ ಹೆಸರಲ್ಲಿರುತ್ತೆ, ಕತ್ತರಿ, ಟ್ರೇ, ಚಿಮುಟ, ಎಲ್ಲಾ. ಬಿಟ್ಟು ಹೋಗುವ ದಿನ ಒಂದೊಂದನ್ನೂ ತೋರಿಸಿ ಒಪ್ಪಿಸಬೇಕು. ನನಗಿಂತ ಮುಂಚೆ ಅಲ್ಲಿದ್ದ ಹಿರಿಯ ಸಿಸ್ಟರು ರಿಟೈರಾದ ದಿನ ಎರಡು ಕತ್ತರಿ ಸಿಗಲಿಲ್ಲ. ಕೊರಳಲ್ಲಿ ಹಾರ ಇಟ್ಟುಕೊಂಡೇ ಆಯಮ್ಮ ಮಂಚದ ಕೆಳಗೆಲ್ಲ ಬಗ್ಗಿ ಹುಡುಕಿದರು. ಹುಡುಕುತ್ತಾ ಹುಡುಕುತ್ತಾ ಅತ್ತರು. ಆಮೇಲೆ ಎಷ್ಟೋ ತಿಂಗಳು ಪಿಂಚಣಿಗಾಗಿ ಆಫೀಸಿನ ಮೆಟ್ಟಿಲು ಹತ್ತಿ ಇಳಿದರು. ಅದನ್ನು ಕಣ್ಣಾರೆ ಕಂಡವಳು ನಾನು. ಚಾರ್ಜು ನನ್ನ ಕೈಗೆ ಬಂದ ದಿನ ಮಾಡಿದ ಮೊದಲ ಕೆಲಸ ಅಂದರೆ ಬೀರುವಿಗೆ ಹೊಸ ಬೀಗ. ಬೆಲೆ ಬಾಳೋದೆಲ್ಲ ಒಳಗೆ ಹೋಯಿತು. ಹುಟ್ಟಿದ ಕೂಸು ಉಸಿರಾಡದಿದ್ದರೆ ಮೂಗು ಬಾಯಿ ಮೇಲೆ ಮಾಸ್ಕ್ ಇಟ್ಟು ಒತ್ತುತ್ತೇವಲ್ಲ, ಆ ಉಸಿರಿನ ಬ್ಯಾಗೂ ಒಳಕ್ಕೇ. ನಮ್ಮವ್ವನ ಬೆಳ್ಳಿ ಕೊಕ್ಕೆಗೆ ಬೀಗದ ಕೈ ಪೋಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹದಿನಾಲ್ಕು ವರ್ಷದಲ್ಲಿ ನನ್ನ ವಾರ್ಡಿಂದ ಒಂದು ಸೂಜಿ ಹೋಗಲಿಲ್ಲ. ಬಂದ ಸಾಹೇಬರೆಲ್ಲ ಆ ಬೀಗ ನೋಡಿ, "ಭಾಗ್ಯಮ್ಮ ಇದ್ರೆ ಬಿಡಿ, ಭದ್ರ" ಅನ್ನೋರು. ನಾನು ಉಬ್ಬುತ್ತಿದ್ದೆ.

ಈಗ ಸವಿತನ ವಿಷಯ. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸಿನ ಹುಡುಗಿ, ಚೊಚ್ಚಲು. ಆಟೋದಲ್ಲಿ ಕಾಲು ಗಂಟೆ ದೂರದ ಹಳ್ಳಿಯಿಂದ ಅತ್ತೆ ಕೆಂಪಮ್ಮನ ಜೊತೆ ಬಂದಿದ್ದಳು. ಬಂದಾಗ ಬೆಳಗ್ಗೆ ಒಂಬತ್ತೂವರೆ. ಕೊಳವೆಯನ್ನು ಹೊಟ್ಟೆ ಮೇಲಿಟ್ಟು ಕಿವಿಗೊಟ್ಟು ಕೇಳಿದೆ, ಕೂಸಿನ ಎದೆಬಡಿತ ಚೆನ್ನಾಗಿತ್ತು, ಅವಳ ಚೀಟಿಯಲ್ಲಿ ನಾನೇ ಬರೆದೆ. ಹನ್ನೊಂದಕ್ಕೆ ಮೇಲಿನ ಮಹಡಿಯಲ್ಲಿ ತಿಂಗಳ ಮೀಟಿಂಗು. ಹೆರಿಗೆ ನೋಡಿಕೊಳ್ಳೋಕೆ ಇನ್ನೊಬ್ಬ ಸಿಸ್ಟರ್ ಇದ್ದಳು, ನಾನು ಮೇಲೆ ಹೋದೆ. ಬೀಗದ ಕೈ ನನ್ನ ಜೊತೆಗೇ ಬಂತು, ಅದು ಯಾವತ್ತೂ ಬರುತ್ತಿತ್ತು.

ಸ್ವಲ್ಪ ಹೊತ್ತಿಗೆ ಆಯಾ ನಿಂಗಮ್ಮ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ, "ಸಿಸ್ಟ್ರೇ, ಮಗ ಅಳ್ತಿಲ್ಲ, ಬೀಗದ ಕೈ ಕೊಡಿ" ಅಂದಳು. ಕೊಡಲಿಲ್ಲ. ಬೀಗದ ಕೈ ಇನ್ನೊಬ್ಬರ ಕೈಗೆ ಕೊಡೋ ಪದ್ಧತಿ ನನ್ನದಲ್ಲ. ನಾನೇ ಓಡಿದೆ, ತೆಗೆದೆ. ಪ್ಲಾಸ್ಟಿಕ್ ಕವರು ಬಿಚ್ಚಿ ಬ್ಯಾಗು ಒತ್ತಿದೆವು. ಡಾಕ್ಟ್ರೂ ಬಂದರು. ಕೂಸು ಎರಡು ಸಲ ಬಿಕ್ಕಿತು. ಆಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಕಳಿಸಿದೆವು, ದಾರೀಲೇ ಹೋಯಿತು. ಗಂಡು ಕೂಸು. ರಿಜಿಸ್ಟರಿನಲ್ಲಿ ನಾನು ಬರೆದದ್ದು ಇಷ್ಟು: ಮಗು ಹುಟ್ಟಿದಾಗ ಅಳಲಿಲ್ಲ, ತಕ್ಷಣ ಉಪಚಾರ ನೀಡಲಾಯಿತು.

ಮಧ್ಯಾಹ್ನ ಸವಿತ ನನ್ನ ಸೆರಗು ಹಿಡಿದುಕೊಂಡಳು. "ಎಲ್ಲಿ ಎಡವಟ್ಟಾಯ್ತು ಸಿಸ್ಟ್ರೇ? ನನ್ನಿಂದೇನಾರ ತಪ್ಪಾಯ್ತಾ?"

"ನೋವು ಯಾವಾಗ ಶುರುವಾಯ್ತಮ್ಮ?" ಅಂತ ಕೇಳಿದೆ.

"ಬೆಳಿಗ್ಗೆ ಆಲು ಕರೀವಾಗ. ಡೈರಿಗೆ ಆಲಾಕ್ಬುಟ್ಟು, ಆಟೋ ಇಡ್ಕಂಡು ಬಂದೊ."

"ಹಂಗಾದ್ರೆ ಲೇಟಾಗಿ ಬಂದ್ರಲ್ಲಮ್ಮ" ಅಂದೆ.

ಅಷ್ಟೇ. ಬಾಯಿಗೆ ಬಂದ ಮಾತು. ಮಗು ಹೋದಾಗ ನಾವು ಸಿಸ್ಟರ್‌ಗಳು ಹೇಳಿ ಹೇಳಿ ರೂಢಿಯಾದ ಮಾತು ಅದು, ನೀವೂ ನಾಳೆ ಹೇಳ್ತೀರಿ ನೋಡ್ತಿರಿ. ಗೋಡೆ ಪಕ್ಕ ಕೂತಿದ್ದ ಕೆಂಪಮ್ಮ ತಲೆ ಎತ್ತಿ ಸೊಸೆಯನ್ನು ನೋಡಿದಳು. ಆ ನೋಟ ನನಗೂ ಕಂಡಿತು. ನನ್ನ ಪಾಡಿಗೆ ನಾನು ಮುಂದಿನ ಮಂಚಕ್ಕೆ ಹೋದೆ.

ಅದಾದ ಎರಡು ವರ್ಷಕ್ಕೆ ಗುಣಮಟ್ಟದ ಪುಸ್ತಕ ಬಂತು. ಇಟ್ಟಿಗೆಯಷ್ಟು ದಪ್ಪ. ಆಸ್ಪತ್ರೆಯಲ್ಲಿ ಏನೇನು ಹೇಗೆ ಹೇಗಿರಬೇಕು ಅಂತ ನೂರಾರು ಸಾಲು, ಸಾಲಿಗೊಂದು ಪ್ರಶ್ನೆ. ಪೂರ್ತಿ ಇದ್ದರೆ ಎರಡು ಅಂಕ, ಅರ್ಧಂಬರ್ಧ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಹೊರಗಿನವರು ಯಾರೂ ಬರಲ್ಲ, ಮೊದಲು ನಮಗೆ ನಾವೇ ಹಾಕಿಕೊಳ್ಳಬೇಕು. ಎಲ್ಲಿ ಸೊನ್ನೆ ಬಂತೋ ಅದನ್ನು ಸರಿ ಮಾಡಿಕೊಂಡು ಮತ್ತೆ ಹಾಕಿಕೊಳ್ಳಬೇಕು. ನಮ್ಮ ದೊಡ್ಡ ಡಾಕ್ಟ್ರು ಒಳ್ಳೇ ಮನುಷ್ಯ, ಆದರೆ ಯಾವಾಗಲೂ ಅವಸರ. "ಭಾಗ್ಯಮ್ಮೋರೆ, ಸೋಮವಾರ ಕಳಿಸ್ಬೇಕು, ತುಂಬಿಸ್ಬಿಡಿ" ಅಂದರು.

ತುಂಬಿಸಿಬಿಟ್ಟೆ. ಮದ್ದೂರು ವಡೆ ತರಿಸಿಕೊಂಡು, ಟೀ ಕುಡಿಯುತ್ತಾ, ಕುರ್ಚಿ ಬಿಟ್ಟು ಏಳದೆ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಉಸಿರಿನ ಬ್ಯಾಗು ಲಭ್ಯವಿದೆಯೇ? ಇದೆ, ಎರಡು. ಸುಸ್ಥಿತಿಯಲ್ಲಿದೆಯೇ? ಹೊಸದರಂಗೇ ಇದೆ, ಎರಡು. ಶೌಚಾಲಯ, ಎರಡು. ಸ್ವಚ್ಛತೆ, ಎರಡು. ಅಲ್ಲೊಂದು ಇಲ್ಲೊಂದು ಒಂದಂಕ ಹಾಕಿದೆ, ಎಲ್ಲಾ ಎರಡೇ ಇದ್ದರೆ ಸುಳ್ಳು ಅನ್ನಿಸುತ್ತೆ ಅಂತ. ತೊಂಬತ್ತರ ಮೇಲೆ ಬಂತು. ಡಾಕ್ಟ್ರಿಗೆ ಖುಷಿಯೋ ಖುಷಿ.

ಆರು ತಿಂಗಳಿಗೆ ಮತ್ತೆ ಹಾಕಿಕೊಳ್ಳಬೇಕಾಗಿ ಬಂತು. ಅಷ್ಟರಲ್ಲಿ ನಿಡಘಟ್ಟದ ಕಡೆಯ ರೂಪ ಅನ್ನೋ ಹುಡುಗಿ ನಮ್ಮ ವಾರ್ಡಿಗೆ ನರ್ಸಾಗಿ ಬಂದಿದ್ದಳು. ಕಡ್ಡಿ ಹಂಗೆ ಇದ್ದಳು, ಮಾತು ಮಾತ್ರ ಕಡ್ಡಿ ಮುರಿದಂಗೆ. ಪುಸ್ತಕ ತಗೊಂಡು ನನ್ನ ಟೇಬಲಿಗೆ ಬಂದಳು.

"ಮೇಡಂ, ಹೋದ ಸಲ ಇದನ್ನ ಎಲ್ಲಿ ಕೂತ್ಕೊಂಡು ತುಂಬಿದ್ರಿ?"

"ಇಲ್ಲೇ ಕಣಮ್ಮ, ಇದೇ ಟೇಬಲು."

"ಕೂತ್ಕೊಂಡು ತುಂಬಂಗಿಲ್ಲ ಮೇಡಂ. ಪ್ರತಿ ಸಾಲಿನ ಪಕ್ಕದಲ್ಲೂ ಕೊಟ್ಟವ್ರೆ ನೋಡಿ. ಎದ್ದೋಗಿ ನೋಡ್ಬೇಕು, ಕೆಲಸ ಮಾಡೋರ್ನ ಕೇಳ್ಬೇಕು, ಬರೆದಿರೋದು ತೆಗೆದು ನೋಡ್ಬೇಕು, ರೋಗೀನ ಕೇಳ್ಬೇಕು. ಈ ಬ್ಯಾಗಿನ ಸಾಲಿಗೆ ಮಾಡಿ ತೋರಿಸ್ಬೇಕು ಅಂತ ಐತೆ."

ನನಗೆ ಸಿಟ್ಟು ಬಂತು. ನಿನ್ನೆ ಮೊನ್ನೆ ಬಂದವಳು. "ಮೂವತ್ತು ವರ್ಷ ಹೆರಿಗೆ ಮಾಡ್ಸಿದೀನಿ. ನನಗೆ ಮಾಡಿ ತೋರ್ಸೋದ ಕಲಿಸ್ತೀಯಾ?" ಅಂದೆ.

"ಕಲಿಸಲ್ಲ ಮೇಡಂ. ಗಡಿಯಾರ ನೋಡ್ಕೊಂಡು ನಿಂತ್ಕೋತೀನಿ ಅಷ್ಟೇ."

ಮಾರನೆ ದಿನ ಸಂತೆಯಿಂದ ಒಂದು ಸೋರೆಕಾಯಿ ತಂದಳು. ಟವೆಲಿನಲ್ಲಿ ಸುತ್ತಿ ಕೂಸಿನ ಟೇಬಲಿನ ಮೇಲೆ ಮಲಗಿಸಿದಳು. ನಿಂಗಮ್ಮನಿಗೆ ನಗು ತಡೆಯೋಕೆ ಆಗಲಿಲ್ಲ. "ಅಯ್ಯೋ, ಎಷ್ಟು ತೂಕವವ್ವ, ನಾಕು ಕೇಜಿ ಬರ್ತದೆ" ಅಂದಳು. ನಾನೂ ನಕ್ಕೆ. ರೂಪ ನಗಲಿಲ್ಲ. "ಮೇಡಂ, ನೀವು ಯಾವತ್ತಿನಂಗೆ ಮೇಲೆ ಮೀಟಿಂಗ್ ರೂಮಲ್ಲಿ ಕೂತಿರಿ, ಬೀಗದ ಕೈ ನಿಮ್ಮತ್ರನೇ ಇರ್ಲಿ. ಕೂಸು ಅಳ್ಲಿಲ್ಲ ಅಂದಾಗ ನಿಂಗಮ್ಮ ಬಂದು ಕರೀತಾರೆ. ಬಂದು ಮೊದಲ್ನೇ ಉಸಿರು ಕೊಡೋವರ್ಗೂ ಎಷ್ಟೊತ್ತಾಗುತ್ತೆ ನೋಡವ" ಅಂದಳು.

ಒಂದು ನಿಮಿಷ ಆಗುತ್ತೆ, ಹೆಚ್ಚೆಂದರೆ ಒಂದೂವರೆ, ಅಂತ ಪಂಥ ಕಟ್ಟಿ ಮೇಲೆ ಹೋದೆ.

ನಿಂಗಮ್ಮ ಬಂದಳು. ನಾನು ಎದ್ದೆ. ಮಹಡಿ ಮೆಟ್ಟಿಲು ಇಳಿಯುವಾಗ ಸೀರೆ ನೆರಿಗೆ ಕಾಲಿಗೆ ಸಿಕ್ಕಿತು, ಎತ್ತಿ ಹಿಡಿದೆ. ಕೆಳಗೆ ಮಾತ್ರೆ ಕೊಡುವ ಕಿಟಕಿ ಹತ್ತಿರ ಜನ, ಸರಿಯಿರಿ ಸರಿಯಿರಿ ಅಂತ ದಾರಿ ಬಿಡಿಸಿಕೊಂಡೆ. ಬೀರುವಿನ ಮುಂದೆ ನಿಂತು ಕೊಕ್ಕೆ ಬಿಚ್ಚಿದೆ. ಗೊಂಚಲಲ್ಲಿ ಒಂಬತ್ತು ಬೀಗದ ಕೈ. ಎರಡು ತಪ್ಪು ಹಾಕಿದೆ, ಮೂರನೇದು ಸರಿಯಾಯಿತು. ಬ್ಯಾಗು ಮೇಲಿನ ಹಲಗೆಯಲ್ಲಿ, ಕಾಟನ್ ಬಂಡಲಿನ ಹಿಂದೆ. ಕವರಿಗೆ ಹಾಕಿದ್ದ ದಾರದ ಗಂಟು ಕಗ್ಗಂಟಾಗಿತ್ತು, ಹಲ್ಲಿನಲ್ಲಿ ಕಿತ್ತೆ. ಮಾಸ್ಕನ್ನು ಸೋರೆಕಾಯಿ ಮೇಲಿಟ್ಟು ಒತ್ತಿದೆ. ಬ್ಯಾಗಿನ ರಬ್ಬರು ಒಳಗೇ ಅಂಟಿಕೊಂಡಿತ್ತು. ಗಾಳಿ ಹೋಗಲೇ ಇಲ್ಲ. ಎರಡು ಕೈಯಲ್ಲಿ ಹಿಸುಕಿ ಬಿಡಿಸಿದ ಮೇಲೆ ಪುಸ್ಸಂತ ಒಂದು ಸಲ ಬಂತು.

"ಎಷ್ಟು?" ಅಂದೆ.

ರೂಪ ಮೊಬೈಲು ತಿರುಗಿಸಿ ತೋರಿಸಿದಳು. ಐದು ನಿಮಿಷ ನಲವತ್ತು ಸೆಕೆಂಡು.

ನಿಂಗಮ್ಮ ಸೋರೆಕಾಯಿ ಕಡೆ ನೋಡಿ ತಮಾಷೆಗೆ, "ಇದು ಓಯ್ತು ಬುಡಿ" ಅಂದಳು. ಅಂದವಳೇ ಬಾಯಿ ಮುಚ್ಚಿಕೊಂಡಳು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಒಂದೇ ಸಲ ನೆನಪಾಗಿತ್ತು. ಅದೇ ಮೆಟ್ಟಿಲು, ಅದೇ ಬೀರು, ಅದೇ ನಿಂಗಮ್ಮ.

ಎರಡೂವರೆ ವರ್ಷ ನಾನು ನಂಬಿಕೊಂಡಿದ್ದದ್ದು ಏನು ಗೊತ್ತಾ? ನಾನು ಓಡಿ ಬಂದೆ, ಕೈಲಾದ್ದು ಮಾಡಿದೆ, ಕೂಸಿನ ಹಣೇಲಿ ಬರೆದಿರಲಿಲ್ಲ ಅಂತ. ತಕ್ಷಣ ಅಂತ ಬರೆದದ್ದು ನನ್ನ ಮಟ್ಟಿಗೆ ಸುಳ್ಳಲ್ಲ, ನನ್ನ ಜೀವಕ್ಕೆ ಅದು ತಕ್ಷಣವೇ ಅನ್ನಿಸಿತ್ತು. ಉಸಿರಾಡದ ಕೂಸಿಗೆ ಒಂದು ನಿಮಿಷದೊಳಗೆ ಉಸಿರು ಕೊಡಬೇಕು ಅನ್ನೋದು ನನಗೆ ಬಾಯಿಪಾಠ. ಆ ಪಾಠ, ನನ್ನ ಬೀಗ, ಎರಡೂ ಒಂದೇ ತಲೆಯಲ್ಲಿ ಅಷ್ಟು ವರ್ಷ ಹೊಂದಿಕೊಂಡು ಇದ್ದವಲ್ಲ ಅಂತ ಇವತ್ತಿಗೂ ಆಶ್ಚರ್ಯ. ಬೇಗ ಕೊಟ್ಟಿದ್ದರೆ ಸವಿತನ ಮಗು ಖಂಡಿತ ಉಳಿಯುತ್ತಿತ್ತು ಅಂತ ಆಣೆ ಮಾಡಲಾರೆ. ಉಳಿಯುತ್ತಿರಲಿಲ್ಲ ಅಂತಲೂ ಆಣೆ ಮಾಡಲಾರೆ. ಆ ಹುಡುಗಿ ಲೇಟಾಗಿ ಬಂದಿರಲಿಲ್ಲ ಅನ್ನೋದು ಮಾತ್ರ ಖಂಡಿತ. ಚೀಟಿ ತೆಗೆಸಿ ನೋಡಿದೆ. ಬಂದದ್ದು ಒಂಬತ್ತೂವರೆ, ಹುಟ್ಟಿದ್ದು ಹನ್ನೊಂದೂ ಇಪ್ಪತ್ತು, ಎದೆಬಡಿತ ಸರಿಯಿದೆ ಅಂತ ನನ್ನದೇ ಅಕ್ಷರ.

ರೂಪ ಪೆನ್ನು ಕೊಟ್ಟಳು. "ಇದಕ್ಕೆ ಎಷ್ಟು ಹಾಕ್ಲಿ ಮೇಡಂ?" ಅಂತ ಕೇಳಿದಳು. ಅವಳಿಗೆ ಹಳೇದೇನೂ ಗೊತ್ತಿರಲಿಲ್ಲ.

"ಸೊನ್ನೆ" ಅಂದೆ. ನಾನೇ ಬರೆದೆ.

ಸೋರೆಕಾಯಿ ಆದಮೇಲೆ ಎಲ್ಲಾ ಸಾಲನ್ನೂ ಎದ್ದು ಹೋಗಿ ನೋಡಬೇಕಾಯಿತು, ಬೇರೆ ದಾರಿ ಇರಲಿಲ್ಲ. ಒಂದೊಂದು ದಿನವೂ ಒಂದೊಂದು ಏಟು. ನಿಂಗಮ್ಮನನ್ನು ಕೇಳಿದೆವು, ಹೆರಿಗೆ ಕೋಣೆಗೆ ಯಾವ ಮಾಪು, ಕಕ್ಕಸಿಗೆ ಯಾವ ಮಾಪು? "ಎಲ್ಡಕ್ಕೂ ಒಂದೇಯ" ಅಂದಳು. ಎಷ್ಟು ವರ್ಷದಿಂದ? "ನಾ ಬಂದಾಗ್ಲಿಂದ್ಲೂವೆ. ಒಂದೇ ಕೊಟ್ಟಿದ್ರಲ್ಲ." ಯಾಕೆ ಹೇಳಲಿಲ್ಲ ಅಂದರೆ, "ನೀವು ಕೇಳ್ನಿಲ್ವಲ್ಲ ಸಿಸ್ಟ್ರೇ" ಅಂದಳು. ಹನ್ನೊಂದು ವರ್ಷ ದಿನಾ ನನ್ನ ಮುಂದೆ ಓಡಾಡಿದ ಹೆಂಗಸು ಅವಳು.

ಬಾಣಂತಿಯರನ್ನು ಕೇಳಿದೆವು, ನೀರು ಚೆನ್ನಾಗಿ ಕುಡೀತೀರಾ? ಯಾರೂ ಕುಡಿಯುತ್ತಿರಲಿಲ್ಲ. ಕಕ್ಕಸಿನ ಚಿಲಕ ಮುರಿದು ಯಾವ ಕಾಲವಾಗಿತ್ತೋ, ಕಾಲಲ್ಲಿ ಬಾಗಿಲು ಒತ್ತಿ ಹಿಡಿದು ಕೂರಬೇಕು, ಹೊಲಿಗೆ ಹಾಕಿದವರಿಗೆ ಕಾಲು ಚಾಚೋಕೆ ಆಗಲ್ಲ. ಅದಕ್ಕೇ ನೀರೇ ಬೇಡ ಅಂತ ಬಾಯಿ ಕಟ್ಟಿಕೊಂಡಿದ್ದರು. ಆ ಶೌಚಾಲಯಕ್ಕೆ ಎರಡಂಕ ಕೊಟ್ಟಿದ್ದವಳು ನಾನು. ಸಾಹೇಬರು ಬಂದಾಗ ತೋರಿಸುತ್ತಿದ್ದದ್ದು ಬೀಗ ಹಾಕಿ ಇಟ್ಟಿದ್ದ ಇನ್ನೊಂದನ್ನು. ಅದರ ಬೀಗದ ಕೈಯೂ ನನ್ನ ಗೊಂಚಲಲ್ಲೇ ಇತ್ತು, ಒಂಬತ್ತರಲ್ಲಿ ಒಂದು.

ಒಟ್ಟು ಹಾಕಿದಾಗ ಐವತ್ತೂ ದಾಟಲಿಲ್ಲ. ಡಾಕ್ಟ್ರು ನೋಡಿ ಕನ್ನಡಕ ತೆಗೆದು ಟೇಬಲಿನ ಮೇಲಿಟ್ಟರು. "ಏನ್ರೀ ಇದು? ಆರು ತಿಂಗಳ ಹಿಂದೆ ತೊಂಬತ್ತು ಕೊಟ್ಟಿದ್ರಿ. ಮೇಲಿನೋರು ನನ್ನ ಕೇಳಲ್ವಾ?"

"ಆವಾಗ ಕೂತ್ಕೊಂಡು ಕೊಟ್ಟೆ ಸಾರ್. ಈಗ ಎದ್ದು ನೋಡಿ ಕೊಟ್ಟೆ."

"ಹೆರಿಗೆ ವಾರ್ಡಿಂದನ್ನ ಸ್ವಲ್ಪ ಮೇಲೆ ಎತ್ತಿ. ಬ್ಯಾಗು ಇದೆಯಲ್ಲ, ಒಂದಾದ್ರೂ ಹಾಕಿ."

"ಸಾರ್, ಬನ್ನಿ ಒಂದ್ನಿಮಿಷ" ಅಂತ ಬೀರುವಿನ ಹತ್ತಿರ ಕರೆದುಕೊಂಡು ಹೋಗಿ, ರೂಪ ಮೊಬೈಲಿನಲ್ಲಿ ಉಳಿಸಿಕೊಂಡಿದ್ದ ಲೆಕ್ಕ ತೋರಿಸಿದೆ. ಐದು ನಿಮಿಷ ನಲವತ್ತು ಸೆಕೆಂಡು ಅಂದೆ. ಸವಿತನ ಹೆರಿಗೆ ದಿನ ಆಮೇಲೆ ಓಡಿ ಬಂದ ಡಾಕ್ಟ್ರು ಅವರೇ. ಬೀರುವಿನ ಬೀಗವನ್ನು ಒಂದು ಸಲ ಎಳೆದು ನೋಡಿದರು. ವಾಪಸ್ಸು ಹೋಗಿ ಸೊನ್ನೆ ಇದ್ದ ಹಾಗೇ ಸಹಿ ಹಾಕಿದರು. ಆ ಸಹಿಗೆ ನಾನು ಅವರಿಗೆ ಇವತ್ತಿಗೂ ಕೈ ಮುಗೀತೀನಿ.

ಆಮೇಲೆ ಬದಲಾದದ್ದು ದೊಡ್ಡ ವಿಷಯವೇನಲ್ಲ. ಉಸಿರಿನ ಬ್ಯಾಗು ಕೂಸಿನ ಟೇಬಲಿನ ಡ್ರಾಯರಿಗೆ ಬಂತು. ಡ್ರಾಯರಿಗೆ ಬೀಗ ಇಲ್ಲ, ಒಂದು ಕಾಗದದ ಪಟ್ಟಿ ಅಂಟಿಸಿ ದಿನಾಂಕ ಬರೆದು ಸಹಿ ಹಾಕೋದು. ಯಾರು ತೆಗೆದರೂ ಕಾಗದ ಹರಿಯುತ್ತೆ, ಗೊತ್ತಾಗುತ್ತೆ. ಬೀಗ ಮಾಡುವ ಕೆಲಸವನ್ನು ಎರಡು ಬೆರಳಗಲದ ಕಾಗದ ಮಾಡಿತು. ಇಷ್ಟು ಸಸಾರದ ಉಪಾಯ ನನಗೆ ಹನ್ನೆರಡು ವರ್ಷ ಹೊಳೆಯಲಿಲ್ಲ, ನನಗೆ ಹೊಳೆಯುತ್ತಿದ್ದದ್ದು ಕಳೆದುಹೋದ ಎರಡು ಕತ್ತರಿ ಮಾತ್ರ. ಪಾಳಿ ಬದಲಾದಾಗಲೆಲ್ಲ ಬ್ಯಾಗು ಕೈಗೆ ತಗೊಂಡು ಒತ್ತಿ ನೋಡಬೇಕು, ಇದೆ ಅಂತ ಟಿಕ್ ಹಾಕೋದಲ್ಲ. ತಿಂಗಳಿಗೊಂದು ಸೋರೆಕಾಯಿ. ಕೊನೆಗೆ ನಲವತ್ತು ಸೆಕೆಂಡಿಗೆ ಇಳಿಸಿದೆವು. ಸೋರೆಕಾಯಿಯನ್ನು ನಿಂಗಮ್ಮ ಮನೆಗೆ ಒಯ್ದು ಸಾರು ಮಾಡೋಳು. ಅಳದೆ ಹುಟ್ಟಿ ಆಮೇಲೆ ಅತ್ತ ಕೂಸುಗಳನ್ನು ನಾನು ಬೆರಳು ಮಡಚಿ ಲೆಕ್ಕ ಇಡಲಿಲ್ಲ, ಆದರೆ ಇದ್ದವು. ಅವುಗಳಲ್ಲಿ ಒಂದು ಈಗ ನಮ್ಮ ಬೀದಿಯಲ್ಲೇ ಸೈಕಲ್ ಹೊಡೆಯುತ್ತೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಶಾಲು ಹೊದ್ದ ದಿನ ಇಲ್ಲಿಗೇ ನಿಲ್ಲಿಸಿದ್ದೆ.

ಸೋರೆಕಾಯಿಯ ದಿನ ಕಳೆದು ಒಂದು ವರ್ಷ ಆಗಿರಬೇಕು. ಬೆಳಗ್ಗೆ ಕೆಲಸಕ್ಕೆ ಹೋದರೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಸವಿತ ಕೂತಿದ್ದಾಳೆ. ತುಂಬು ಬಸುರಿ, ಪಕ್ಕದಲ್ಲಿ ಬಟ್ಟೆ ಬ್ಯಾಗು, ತಟ್ಟೆ ಲೋಟ. ಪರೀಕ್ಷೆ ಮಾಡಿದೆ, ನೋವೇ ಇಲ್ಲ. ಇನ್ನೂ ಎಂಟು ಹತ್ತು ದಿನ ಇತ್ತು.

"ಮನೆಗೋಗಿ ಆಮೇಲೆ ಬಾರಮ್ಮ" ಅಂದೆ.

"ಇಲ್ಲ ಸಿಸ್ಟ್ರೇ, ಇಲ್ಲೇ ಇರ್ತೀನಿ. ಈ ಸಲ ಲೇಟ್ ಮಾಡಕಿಲ್ಲ" ಅಂದಳು.

ರೂಪ ಅವಳಿಗೆ ಒಳಗೆ ಒಂದು ಮಂಚ ಕೊಟ್ಟಳು. ಎಂಟು ದಿನ ಇದ್ದಳು. ಆ ಎಂಟು ದಿನದಲ್ಲಿ ಅವಳೇ ಅಷ್ಟಷ್ಟು ಹೇಳಿದ್ದು. ಮೊದಲ ಮಗು ಹೋದಾಗಿನಿಂದ ಅತ್ತೆ ಅವಳ ಕೈಗೆ ಹಾಲಿನ ಕ್ಯಾನು ಕೊಟ್ಟಿಲ್ಲವಂತೆ. ಕರೆಯೋದು ಇವಳು, ಡೈರಿಗೆ ಒಯ್ಯೋದು ಅತ್ತೆ. ಡೈರಿ ಸಾಲಲ್ಲಿ ಯಾರಾದರೂ ಸೊಸೆ ಎಲ್ಲಿ ಅಂದರೆ ಕೆಂಪಮ್ಮ, "ಅವ್ಳು ಆಲಾಕಕ್ಕೋಗಿ ಮಗ ಕಳ್ಕಂಡ್ಲು, ಸಿಸ್ಟ್ರೇ ಏಳವ್ರೆ" ಅನ್ನೋಳಂತೆ. ಸಿಸ್ಟ್ರೇ ಏಳವ್ರೆ. ಆ ಸಿಸ್ಟ್ರು ಅವಳ ಎದುರಿಗೆ ಬಿ.ಪಿ. ಪಟ್ಟಿ ಕಟ್ಟುತ್ತಾ ನಿಂತಿದ್ದಳು. ಹೇಳಬೇಕು ಅಂತ ಎಂಟು ದಿನವೂ ಅಂದುಕೊಂಡೆ. ಹೆರಿಗೆ ಆಗಲಿ, ಈಗ ಬೇಡ, ಗಾಬರಿಯಾಗ್ತಾಳೆ ಅಂತ ಒಂದು ನೆವ. ಹೆಣ್ಣು ಕೂಸು ಹುಟ್ಟಿತು, ಯಾರ ಸಹಾಯವೂ ಬೇಡದೆ ಊರು ಕೇಳುವಂತೆ ಅತ್ತಿತು. ಈಗ ಬೇಡ, ಸಂತೋಷದಲ್ಲಿದ್ದಾರೆ ಅಂತ ಇನ್ನೊಂದು ನೆವ. ಫಾರಂನಲ್ಲಿ ಸೊನ್ನೆ ಬರೆಯೋಕೆ ನನಗೆ ಧೈರ್ಯ ಇತ್ತು, ಬಾಯಲ್ಲಿ ಹೇಳೋಕೆ ಇರಲಿಲ್ಲ.

ಸೊನ್ನೆಗಳು ಒಂದೊಂದಾಗಿ ಸರಿಯಾಗಿ ಸರ್ಟಿಫಿಕೇಟು ಬಂತು, ನಾನು ರಿಟೈರಾದೆ. ಒಂದು ಕತ್ತರಿಯೂ ಕಡಿಮೆಯಿಲ್ಲದೆ ಚಾರ್ಜು ಒಪ್ಪಿಸಿದೆ. ಮಂಡ್ಯದಲ್ಲಿ ಮನೆ ಮಾಡಿದೆ. ಬೆಳಗ್ಗೆ ವಿ.ಸಿ. ಫಾರಂ ಕಡೆ ವಾಕಿಂಗು, ಸಂಜೆ ಟಿ.ವಿ. ನರ್ಸಿಂಗ್ ಶಾಲೆಯವರು ಕರೆಯದೇ ಇದ್ದಿದ್ದರೆ ಹೀಗೇ ಇದ್ದುಬಿಡುತ್ತಿದ್ದೆನೋ ಏನೋ. ಅವತ್ತು ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, "ಮೇಡಂ, ಸೊನ್ನೆ ಹಾಕ್ಕೊಂಡ್ಮೇಲೆ ರೋಗಿಗೂ ಅದನ್ನ ಹೇಳ್ಬೇಕಾ?" ಪುಸ್ತಕದಲ್ಲಿ ಹಾಗೇನೂ ಇಲ್ಲಮ್ಮ ಅಂದೆ. ಹುಡುಗೀರೆಲ್ಲ ಬರೆದುಕೊಂಡರು.

ಮೂರನೇ ದಿನ ಬಸ್ಸು ಹತ್ತಿದೆ. ಸವಿತನ ಮನೆ ಹುಡುಕಿಕೊಂಡು ಹೋದಾಗ ಸಂಜೆ ನಾಲ್ಕೂವರೆ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು, ಮಗಳು ಕರುವಿನ ಹಗ್ಗ ಹಿಡಿದುಕೊಂಡು ನಿಂತಿತ್ತು. ಸೆರಗಲ್ಲಿ ಕೈ ಒರೆಸಿಕೊಂಡು ಬಂದು ಜಗಲಿ ಮೇಲೆ ಚಾಪೆ ಹಾಕಿದಳು. ಕೂರೋಕೂ ಮುಂಚೆ ಎಲ್ಲಾ ಹೇಳಿದೆ. ನೀನು ಲೇಟಾಗಿ ಬರಲಿಲ್ಲ. ಬಂದಾಗ ನಿನ್ನ ಮಗು ಚೆನ್ನಾಗಿತ್ತು. ಅದಕ್ಕೆ ಬೇಕಾದ್ದು ಬೀರುವಿನೊಳಗಿತ್ತು, ಬೀಗದ ಕೈ ನನ್ನ ಸೊಂಟದಲ್ಲಿತ್ತು, ನಾನು ಮಹಡಿ ಮೇಲಿದ್ದೆ. ನಿನ್ನ ಮೇಲೆ ಹಾಕಿದ್ದು ನನ್ನ ತಪ್ಪನ್ನ.

ಅವಳು ಅಳಲಿಲ್ಲ. ಕೈ ಒರೆಸುತ್ತಲೇ ಇದ್ದಳು. ಕೈ ಒಣಗಿದ ಮೇಲೂ ಒರೆಸಿದಳು.

"ಇದ್ನ ನನ್ಗ್ಯಾಕೆ ಏಳ್ತಿದ್ದೀರಿ ಸಿಸ್ಟ್ರೇ?" ಅಂದಳು. "ನಾ ತಡ ಮಾಡ್ನಿಲ್ಲ ಅಂತ ನನ್ಗೊತ್ತಿತ್ತು. ನಂಬ್ದೆ ಇರೋರ್ಗೆ ಏಳಿ." ಒಳಕ್ಕೆ ತಿರುಗಿ ಕೂಗಿದಳು, "ಅತ್ತೆಮ್ಮ, ಈಚೆಗೆ ಬನ್ನಿ. ಆಸ್ಪತ್ರೆ ಸಿಸ್ಟ್ರು ಬಂದವ್ರೆ."

ಕೆಂಪಮ್ಮ ಬಂದಳು. ವಯಸ್ಸಾಗಿದೆ, ಆದರೆ ನೋಟ ಅದೇ. ಅವಳ ಮುಂದೆ ಎಲ್ಲವನ್ನೂ ಮತ್ತೆ ಹೇಳಿದೆ. ಎರಡನೇ ಸಲ ಹೇಳೋದು ಸುಲಭ ಅಂದುಕೊಂಡಿದ್ದೆ, ಆಗಲಿಲ್ಲ. ಅವಳು ಕಂಬಕ್ಕೆ ಕೈ ಕೊಟ್ಟು ನಿಂತೇ ಕೇಳಿದಳು.

"ಇಷ್ಟು ವರ್ಸ ಎಲ್ಲವ್ವ ಓಗಿದ್ದೆ?" ಅಂದಳು.



ಅವಳು ಸೊಸೆಯ ಕಡೆ ನೋಡಲಿಲ್ಲ. ಕೊಟ್ಟಿಗೆಗೆ ಹೋಗಿ ಹಾಲಿನ ಕ್ಯಾನು ಎತ್ತಿಕೊಂಡು ಬಂದು ಸವಿತನ ಮುಂದೆ ಇಟ್ಟಳು. "ಓಗು, ಆಲಾಕ್ಬುಟ್ಟು ಬಾ" ಅಂದಳು.

ಸವಿತ ಕ್ಯಾನು ಮುಟ್ಟಲಿಲ್ಲ. "ಇವತ್ತು ನೀವೇ ಓಗಿ ಅತ್ತೆಮ್ಮ. ಸಿಸ್ಟ್ರುನ್ನೂ ಜೊತೇಲಿ ಕರ್ಕೊಂಡೋಗಿ" ಅಂದಳು. ಮಗಳನ್ನು ಸೊಂಟಕ್ಕೆ ಎತ್ತಿಕೊಂಡು ಒಳಗೆ ಹೋದಳು.

ನಾವಿಬ್ಬರೂ ಹೊರಟೆವು. ಕ್ಯಾನು ನಾನು ಹಿಡಿಯೋಕೆ ಹೋದೆ, ಕೆಂಪಮ್ಮ ಕೊಡಲಿಲ್ಲ. ಅವಳು ಮುಂದೆ, ನಾನು ಹಿಂದೆ ನಡೆದೆವು. ಡೈರಿ ಮುಂದೆ ಇಪ್ಪತ್ತು ಜನರ ಮೇಲಿತ್ತು ಸಾಲು, ಹೆಂಗಸರೇ ಹೆಚ್ಚು. ಕೆಂಪಮ್ಮ ಸಾಲಿನ ಕೊನೆಗೆ ಹೋಗಿ ಕ್ಯಾನು ಕೆಳಗಿಟ್ಟಳು.

"ಏ, ಇಲ್ ಕೇಳ್ರವ್ವ" ಅಂತ ಗಟ್ಟಿಯಾಗಿ ಅಂದಳು. "ನನ್ ಸೊಸೆ ತಡ ಮಾಡ್ನಿಲ್ವಂತೆ. ಮಗ ಓಗಿದ್ದು ಅವ್ಳಿಂದಲ್ವಂತೆ. ಈ ಸಿಸ್ಟ್ರು ಏಳ್ತಾವ್ರೆ."

ಸಾಲು ಪೂರ್ತಿ ನನ್ನ ಕಡೆ ತಿರುಗಿತು. ಅದರಲ್ಲಿ ಐದಾರು ಮುಖ ನನಗೆ ಗೊತ್ತಿತ್ತು, ಅವರ ಹೆರಿಗೆ ನಾನೇ ಮಾಡಿಸಿದ್ದು. ಹಾಲು ಅಳೆಯುತ್ತಿದ್ದವನೂ ಕೈ ನಿಲ್ಲಿಸಿದ. ಕೆಂಪಮ್ಮ ನನ್ನನ್ನೇ ನೋಡುತ್ತಾ, "ಏಳವ್ವ, ಯಾರಿಂದ ಅಂತ" ಅಂದಳು.

"ನನ್ನಿಂದ" ಅಂದೆ. "ಬೀಗದ ಕೈ ನನ್ನ ಹತ್ರ ಇತ್ತು."

ಹಿಂದೆ ಇದ್ದವರಿಗೆ ಕೇಳಿಸಲಿಲ್ಲ ಅಂದರು. ಇನ್ನೊಂದು ಸಲ ಹೇಳಿದೆ.